ಅಂಗಿಗೆ ಸಾರಾಯಿ

ಸಾರಾಯಿಯನ್ನು ಬಾಯಿಗೆ ಬಿಟ್ಟುಕೊಳ್ಳದೆ ಅಂಗಿಗೆ ಚಿಮುಕಿಸಿಕೊಳ್ಳುತ್ತಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಕಂಡಿದ್ದೇನೆ. ಅವನು ಶರಣಪ್ಪ, ಯಾದಗಿರಿ ಕಡೆಯ ಗಾರೆ ಕೆಲಸದವನು. ಗರುಡಾಚಾರ್‌ಪಾಳ್ಯದಲ್ಲಿ ನಮ್ಮ ಶೀಟಿನ ಮನೆಯೊಂದರಲ್ಲಿ ಹೆಂಡತಿ ಮಹಾದೇವಿಯೊಡನೆ ಬಾಡಿಗೆಗಿದ್ದ. ಪ್ಯಾಕೆಟ್ ಸಾರಾಯಿ ಇನ್ನೂ ನಿಂತಿರದ ಕಾಲ ಅದು.

ಮೊದಮೊದಲು ನನಗೂ ಅವನೊಬ್ಬ ಕುಡುಕನೇ. ಕೈ ನಡುಕ, ಮಾತು ತೊದಲು, ಹತ್ತಿರ ಬಂದರೆ ಗಪ್ಪೆಂದು ವಾಸನೆ. ಬುದ್ಧಿ ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಒಂದು ದಿನ ರೇಗಿ, ಮನೆ ಖಾಲಿ ಮಾಡು ಎಂದುಬಿಟ್ಟೆ. ಅವನು ಆಚೀಚೆ ನೋಡಿ, ಬುತ್ತಿಚೀಲದ ತಳದಿಂದ ಮಾತ್ರೆ ತೆಗೆದು ತೋರಿಸಿದ. ಕಟ್ಟಡದ ಮೇಲಿದ್ದಾಗ ಯಾರೋ ಹೆಸರು ಹಿಡಿದು ಕರೆದು, ಬೀಳು ಬೀಳು ಅನ್ನುತ್ತಿದ್ದರಂತೆ. ಹೆದರಿ, ತಾನೇ ಹುಚ್ಚಾಸ್ಪತ್ರೆಗೆ ಹೋಗಿದ್ದ. ಮಾತ್ರೆ ನುಂಗಿದ ಮೇಲೆ ದನಿ ನಿಂತಿತು, ಕೈ ನಡುಗತೊಡಗಿತು. ನೋಡಿದವರು ಕುಡುಕ ಎಂದುಕೊಳ್ಳಲಿ ಎಂದೇ ಈ ಸಾರಾಯಿ ಪ್ರೋಕ್ಷಣೆ.

ಹೆಂಡತಿಗಾದರೂ ಹೇಳಬಾರದೇ ಎಂದೆ. ಊರಲ್ಲಿದ್ದ ಮಗಳನ್ನು ಮಹಾದೇವಿಯ ಅಣ್ಣನ ಮಗನಿಗೇ ಕೊಡುವ ಮಾತು ನಡೆದಿತ್ತು; ಹೆಂಡತಿಗೆ ತಿಳಿದರೆ ಅಣ್ಣನ ಕಿವಿಗೂ ಬೀಳುತ್ತದೆಂಬ ಹೆದರಿಕೆ ಅವನಿಗೆ.

“ಕುಡುಕನ ಮಗಳಿಗಿ ಗಂಡ ಸಿಗ್ತಾನ್ರಿ ಅಕ್ಕೋರ. ಹುಚ್ಚನ ಮಗಳಿಗಿ ಯಾರ್ ಬರ್ತಾರ?”

ಅಂದಿನಿಂದ ಮಾತ್ರೆ ನಮ್ಮ ಅಡುಗೆಮನೆಯಲ್ಲಿ ಉಳಿಯಿತು. ಸಂಜೆ ನೀರಿನ ನೆಪದಲ್ಲಿ ಬಂದು, ಗೋಡೆಯತ್ತ ಮುಖ ಮಾಡಿ ನುಂಗುತ್ತಿದ್ದ. ಕಳ್ಳತನ ಮಾಡುವವನೂ ಅಷ್ಟು ನಾಚುವುದಿಲ್ಲ. ಬೈದದ್ದು ನೆನೆದು ನನಗೂ ಮುಖ ಎತ್ತಲಾಗುತ್ತಿರಲಿಲ್ಲ.

ಕೊನೆಗೆ ಆ ಅಣ್ಣನೇ ಬಂದಿಳಿದ. ಮದುವೆಗೆ ಮುಂಚೆ ಬೀಗನ ಕುಡಿತ ಬಿಡಿಸಬೇಕು, ಊರಿಗೆ ಒಯ್ದು ಕೋಣೆಯಲ್ಲಿ ಕೂಡಿಹಾಕಿ ಬೇರಿನ ಔಷಧಿ ಕುಡಿಸುತ್ತೇನೆ ಎಂದ. ಶರಣಪ್ಪ ತಲೆ ತಗ್ಗಿಸಿ ಹೂಂ ಎಂದ. ಮಾತ್ರೆ ತಪ್ಪಿದರೆ ಆ ದನಿ ಮತ್ತೆ ಬರುತ್ತದೆಂದು ಅವನಿಗೂ ಗೊತ್ತಿತ್ತು. ನನಗೆ ತಡೆಯಲಾಗಲಿಲ್ಲ. ಮಹಾದೇವಿಯನ್ನು ಒಳಗೆ ಕರೆದು, ಮಾತ್ರೆ ಕೈಗಿಟ್ಟು ಎಲ್ಲವನ್ನೂ ಹೇಳಿದೆ.

ಅವಳು ಅಳಲಿಲ್ಲ. ಮಾತ್ರೆಯನ್ನು ತಿರುಗಿಸಿ ನೋಡಿ, “ದಿನಾ ಒಂದ ಏನ್ರಿ ಅಕ್ಕೋರ?” ಎಂದು ಕೇಳಿದಳು. ಅದನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊರಗೆ ಹೋದವಳೇ, ಅಣ್ಣನ ಎದುರು, ಸಾಲುಮನೆಯವರಿಗೆಲ್ಲ ಕೇಳುವಂತೆ ಗಂಡನನ್ನು ಬೈದಳು.

“ಏಳು ಕುಡುಕಾ, ಮಾನ ಕಳದಿ. ಊರಾಗ ಆ ಕೋಣ್ಯಾಗ ನಾನ ನಿನ್ನ ಕಾಯ್ತೀನಿ, ಬ್ಯಾರೆ ಯಾರೂ ಬ್ಯಾಡ.”

ಶರಣಪ್ಪ ಅವಳ ಸೆರಗಿನ ಗಂಟು ನೋಡಿದ, ಬಾಗಿಲಲ್ಲಿದ್ದ ನನ್ನನ್ನು ನೋಡಿದ. ನಾನು ಅವನನ್ನು ಕಂಡದ್ದು ಅದೇ ಕೊನೆ. ಟವೆಲಿನಿಂದ ಮುಖ ಮುಚ್ಚಿಕೊಂಡು, ಬೈಯುತ್ತಲೇ ಇದ್ದ ಹೆಂಡತಿಯ ಹಿಂದೆ ನಡೆದು ಹೋದ.