ಕಣ್ಣೀರಿಟ್ಟ ಕಬ್ಬಿನ ಯಂತ್ರ

ತಾಬುನಾನ್ ಎಂಬ ಊರಿನಲ್ಲಿ ಎಲ್ಲಿ ಏನು ಸೋರಿದರೂ ಜನ ತೇರ್ಯೊನನ್ನೇ ಕರೆಯುತ್ತಿದ್ದರು. ಪೂರ್ತಿ ಹೆಸರು ಎಲ್ಯುತೇರಿಯೊ ಸುಮಗಾಯ್‌ಸಾಯ್. ಅದನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವಳು ಅವನ ಹೆಂಡತಿ ಡೆಲಿಯಾ ಒಬ್ಬಳೇ, ಅದೂ ಸಿಟ್ಟು ಬಂದಾಗ. ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಅವನದೊಂದು ತಗಡಿನ ಅಂಗಡಿ. ಎಣ್ಣೆಯ ಒತ್ತಡದಿಂದ ತೋಳೆತ್ತುವ ಯಂತ್ರ ಯಾವುದೇ ಇರಲಿ, ಅದರ ಪೈಪು ಒಡೆದರೆ, ಪೈಪು ಕೂಡುವ ಕಡೆ ಜಿನುಗಿದರೆ, ಅಲ್ಲಿಗೇ ಬರಬೇಕು.

ಐವತ್ತನಾಲ್ಕು ವರ್ಷದ, ಕಡ್ಡಿಯಂಥ ಮನುಷ್ಯ. ಎರಡು ವರ್ಷದಿಂದ ಸೊಂಟನೋವು. ಅದರ ಸುದ್ದಿ ಊರಿಗೆಲ್ಲ ಗೊತ್ತಿತ್ತು, ಏಕೆಂದರೆ ಊರಿಗೆಲ್ಲ ಹೇಳಿದವನು ಅವನೇ. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ರಟ್ಟು. ಸೋರುವ ಪೈಪನ್ನು ಅವನು ಎಂದೂ ಕೈಯಿಂದ ತಡವುತ್ತಿರಲಿಲ್ಲ. ಕಣ್ಣಿಗೆ ಕಾಣದ ತೂತಿನಿಂದ ಚಿಮ್ಮುವ ಎಣ್ಣೆ ಸೂಜಿಯಂತೆ ಚರ್ಮದೊಳಕ್ಕೆ ಹೋಗುತ್ತದೆ. ಅವನ ಗುರುವಿನ ಒಂದು ಬೆರಳು ಹೋದದ್ದು ಹಾಗೆಯೇ. ತೇರ್ಯೊ ಪೈಪಿನುದ್ದಕ್ಕೂ ರಟ್ಟನ್ನು ಮೆಲ್ಲಗೆ ಸರಿಸುತ್ತ ಹೋಗುವನು, ಎಲ್ಲಿ ರಟ್ಟು ಒದ್ದೆಯಾಯಿತೋ ಅಲ್ಲಿ ಕಳ್ಳ ಸಿಕ್ಕ. ಸೋರಿತೆಂದು ಪಾನಾ ಹಿಡಿದು ನಟ್ಟನ್ನು ಇನ್ನೂ ಬಿಗಿಯುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. "ಅಳೋ ಮಗು ಬಾಯಿಗೆ ಬಟ್ಟೆ ತುರುಕಿದ್ರೆ ಹಸಿವು ಹೋಗತ್ತೇನಯ್ಯಾ?" ಎನ್ನುವನು.

ಆ ವರ್ಷ ಕಬ್ಬು ಅರೆಯುವ ಕಾಲ ಶುರುವಾಗುತ್ತಲೇ ಊರಿನ ಬೆಳೆಗಾರರ ಸಂಘ ಕಬ್ಬನ್ನು ಬಾಚಿ ಲಾರಿಗೆ ತುಂಬುವ ಯಂತ್ರವೊಂದನ್ನು ತರಿಸಿತು. ಜಪಾನಿನಲ್ಲಿ ದುಡಿದು ಹಳತಾದದ್ದು, ಹಳದಿ ಬಣ್ಣ ಹೊಸದು. ಭಾನುವಾರ ಪಾದ್ರೆ ಅಂತೋನ್ ಬಂದು ಪವಿತ್ರ ಜಲ ಚಿಮುಕಿಸಿ ಹರಸಿದರು. ಚಾಲಕ ಅರ್ನುಲ್ಫೊ ಅದರ ತೋಳನ್ನು ಜಂಬದಿಂದ ಮೇಲಕ್ಕೆತ್ತಿ, ಮೈದಾನದಲ್ಲಿ ಹಾಗೇ ನಿಲ್ಲಿಸಿ, ಹುರಿದ ಹಂದಿಯ ಊಟಕ್ಕೆ ಓಡಿದ.

ಸೋಮವಾರ ಬೆಳಿಗ್ಗೆ ತೋಳಿನ ಸಂದಿಯಿಂದ ಹೊಂಬಣ್ಣದ ಹನಿಗಳು ತೊಟ್ಟಿಕ್ಕುತ್ತಿದ್ದವು. ಅದೇ ಹೊತ್ತಿಗೆ ತೇರ್ಯೊನ ಅತ್ತೆ, ಎಂಬತ್ತೊಂದರ ಲೋಲಾ ಪಾಸಿಂಗ್, ಊರುಗೋಲು ಹಿಡಿದು ಚರ್ಚಿನ ಪೂಜೆ ಮುಗಿಸಿ ಬರುತ್ತಿದ್ದಳು. ಸುಧಾರಿಸಿಕೊಳ್ಳೋಣವೆಂದು ಯಂತ್ರದ ನೆರಳಿನಲ್ಲಿ ಕೂತಳು. ಒಂದು ಹನಿ ಅವಳ ನೋಯುವ ಮಂಡಿಯ ಮೇಲೆ ಬಿತ್ತು. ಮರುಕ್ಷಣವೇ ಮುದುಕಿ "ಅಯ್ಯೋ ಜೀಸಸ್!" ಎಂದು ಕಿರುಚಿ, ಎದ್ದು, ಕೋಲನ್ನು ಅಲ್ಲೇ ಬಿಟ್ಟು ರಸ್ತೆಯವರೆಗೆ ಓಡಿದಳು. ಕಂಡವರು ಮೂರು ಜನ. ಕಂಡೆವೆಂದವರು ಮೂವತ್ತು ಜನ.

ಮಧ್ಯಾಹ್ನದೊಳಗೆ ಯಂತ್ರದ ಸುತ್ತ ಮೇಣದ ಬತ್ತಿಗಳು ಉರಿಯುತ್ತಿದ್ದವು. ಮಂಡಿನೋವಿನವರು, ಬೆನ್ನುನೋವಿನವರು, ಪರೀಕ್ಷೆಯಲ್ಲಿ ಫೇಲಾದವರು ಎಲ್ಲ ಸೀಸೆ ಹಿಡಿದು ಸಾಲುಗಟ್ಟಿದರು. ಒಬ್ಬಾತ ಕುಂಟುತ್ತಿದ್ದ ಹುಂಜವನ್ನೇ ಎತ್ತಿಕೊಂಡು ಬಂದಿದ್ದ. ಕಡಿದ ಕಬ್ಬು ಮಾತ್ರ ಗದ್ದೆಯಲ್ಲೇ ಒಣಗತೊಡಗಿತು. ಸಂಘದ ಅಧ್ಯಕ್ಷೆ ಮಾನಾಂಗ್ ನೇನಾ ತೇರ್ಯೊನ ಅಂಗಡಿಗೆ ನುಗ್ಗಿದಳು.

"ತೇರ್ಯೊ, ನಿಮ್ಮತ್ತೆ ಊರಿಗೆ ಬೆಂಕಿ ಇಟ್ಟಿದಾಳೆ, ನೀನು ಇಲ್ಲಿ ಬೀಡಿ ಸೇದ್ತಾ ಕೂತಿದೀಯ!"

"ನಮ್ಮತ್ತೆ ಇಟ್ಟ ಬೆಂಕಿ ನಾನು ಆರಿಸೋದಾದ್ರೆ ಮದುವೆ ದಿನವೇ ಆರಿಸ್ತಿದ್ದೆ, ಮಾನಾಂಗ್" ಎನ್ನುತ್ತ ತೇರ್ಯೊ ಪೆಟ್ಟಿಗೆ ಎತ್ತಿಕೊಂಡ.

ಯಂತ್ರದ ಮುಂದೆ ಹೆಂಗಸರು ಕೋಟೆಯಂತೆ ನಿಂತಿದ್ದರು. ಕೋಟೆಯ ಬಾಗಿಲಲ್ಲಿ ಲೋಲಾ ಪಾಸಿಂಗ್, ಪ್ಲಾಸ್ಟಿಕ್ ಕುರ್ಚಿಯಲ್ಲಿ.

"ಪಾನಾ ಕೆಳಗಿಡು" ಎಂದಳು ಅಳಿಯನಿಗೆ. "ದೇವರ ಕಣ್ಣೀರು ನಿಲ್ಲಿಸೋಕೆ ನೀನ್ಯಾರು?"

"ಅಮ್ಮಾ, ಅದು ಕಣ್ಣೀರಲ್ಲ, ಎಣ್ಣೆ. ಎಲ್ಲಾ ಸುರಿದು ಹೋದ್ರೆ ಯಂತ್ರ ಕೈ ಎತ್ತಲ್ಲ."

"ನೀನು ಮನೇಲಿ ಯಾವತ್ತಾದ್ರೂ ಕೈ ಎತ್ತಿ ಕೆಲಸ ಮಾಡಿದೀಯಾ? ಅದನ್ನ ಯಾಕೆ ಗೋಳು ಹುಯ್ಕೋತೀಯ!"

ಸಾಲಿನವರೆಲ್ಲ ಹೋ ಎಂದು ನಕ್ಕರು. ಹುಂಜವೂ ಕೂಗಿತು.

ಪಾದ್ರೆಗೆ ಹೇಳಿಕಳಿಸಿದರು. ಅವರು ಬಂದು ಒಂದು ಹನಿಯನ್ನು ಬೆರಳಿಗೆ ತಗುಲಿಸಿಕೊಂಡು ಮೂಸಿದರು. "ನಾನು ಹರಸಿದ್ದು ಕೆಲಸ ಮಾಡ್ಲಿ ಅಂತ, ಅಳಲಿ ಅಂತಲ್ಲ. ತೇರ್ಯೊ ನೋಡ್ಲಿ ಬಿಡಿ. ನೋಡಿದ್ರೆ ದೇವರಿಗೇನು ನಷ್ಟ?" ಎಂದರು. ನೋಡುವುದಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು.

ತೇರ್ಯೊ ಸೊಂಟ ಹಿಡಿದುಕೊಂಡು, ಊರಿಗೆಲ್ಲ ಕೇಳುವ ಹಾಗೆ ನರಳುತ್ತ, ಬೆಳಿಗ್ಗೆ ಅತ್ತೆ ಕೂತಿದ್ದ ಜಾಗದಲ್ಲೇ ಅಂಗಾತ ಮಲಗಿದ. ಬಟ್ಟೆಯಿಂದ ಸಂದಿ ಒರೆಸಿ, ರಟ್ಟು ಹಿಡಿದು ಕಾದ. ಗುಟ್ಟು ಬೇಗನೆ ಬಯಲಾಯಿತು. ಪೈಪು ಸರಿಯಿತ್ತು, ಪೈಪಿನ ತುದಿಗೆ ಯಾರೋ ಬೇರೆ ಜಾತಿಯ ಬಾಯಿ, ಅಂದರೆ ಕೂಡಿಸುವ ಲೋಹದ ತುಂಡು, ಕೂರಿಸಿದ್ದರು. ತಿರುಗಿಸಿದರೆ ತಿರುಪಿನಂತೆ ಏರುತ್ತದೆ, ಬಿಗಿಯೂ ಆಗುತ್ತದೆ. ಆದರೆ ಒಳಗೆ ಒಂದರ ಇಳಿಜಾರು ಇನ್ನೊಂದರ ಇಳಿಜಾರಿಗೆ ಕೂರುವುದಿಲ್ಲ, ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಬಾಯಿ ಬದಲಿಸಿದರೆ ಅರ್ಧ ಗಂಟೆಯ ಕೆಲಸ. ಇದನ್ನು ಹೆಂಗಸರಿಗೆ ಹೇಗೆ ತಿಳಿಸಲಿ ಎಂದು ಯೋಚಿಸುತ್ತಿರುವಾಗ ಅವನ ಚಡ್ಡಿಯೊಳಗೆ ಏನೋ ಚುರುಕ್ಕೆಂದಿತು. ಆಮೇಲೆ ಇನ್ನೊಂದು. ಆಮೇಲೆ ಇಡೀ ದಂಡು.

ಕೆಂಪಿರುವೆ! ಅವನು ಮಲಗಿದ್ದುದು ಗೂಡಿನ ಮೇಲೆ.

ತೇರ್ಯೊ ಎದ್ದ ರೀತಿಯನ್ನು ತಾಬುನಾನಿನವರು ಇಂದಿಗೂ ಹೇಳುತ್ತಾರೆ. ಎರಡು ವರ್ಷ ಬಗ್ಗದ ಸೊಂಟ ಎಂಟು ಕಡೆ ಬಗ್ಗಿತು. ಹಿಂಭಾಗ ತಟ್ಟಿಕೊಳ್ಳುತ್ತ, ಒಂಟಿ ಕಾಲಲ್ಲಿ ಕುಣಿಯುತ್ತ, ಯಂತ್ರಕ್ಕೆ ಮೂರು ಸುತ್ತು ಬಂದ.

"ಇನ್ನೊಂದು ಪವಾಡ!" ಎಂದು ಯಾರೋ ಕೂಗಿದರು. "ತೇರ್ಯೊನ ಸೊಂಟ ಸರಿಹೋಯ್ತು!" ಹೆಂಗಸರು ಮೊಣಕಾಲೂರಿದರು. ಹುಂಜದವನೂ ಮೊಣಕಾಲೂರಿದ.

"ಇರುವೆ! ಇರುವೇರೀ!" ಎಂದು ತೇರ್ಯೊ ಅರಚಿದ್ದು ಜಪದ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕುಣಿಯುತ್ತಲೇ ಅವನಿಗೆ ಎಲ್ಲವೂ ಹೊಳೆಯಿತು: ಅತ್ತೆ ಓಡಿದ್ದು ಯಾಕೆ, ಕೋಲು ಮರೆತದ್ದು ಯಾಕೆ. ಇನ್ನೂ ಒಂದು ಹೊಳೆಯಿತು. ನಿಜ ಹೇಳಿದರೆ ಸಂಜೆಯವರೆಗೂ ಜಗಳ. ಸುಳ್ಳು ಹೇಳಿದರೆ ಅರ್ಧ ಗಂಟೆಯಲ್ಲಿ ಕೆಲಸ.

ಕೈ ಮೇಲೆತ್ತಿ ನಿಂತ. "ನಂಗೆ ಅಪ್ಪಣೆ ಆಗಿದೆ! ನಿಮ್ಮ ನೋವೆಲ್ಲಾ ನೋಡಿ ನೋಡಿ ಯಂತ್ರ ಸುಸ್ತಾಗಿದೆಯಂತೆ. ಗಾಯ ಕಟ್ಟು ಅಂತು!"

ಪಾದ್ರೆ ಅಂತೋನ್ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಆ ಕಡೆ ತಿರುಗಿದರು. ಅವರ ಭುಜ ಕುಲುಕುತ್ತಿತ್ತು. ಭಕ್ತಿಯಿಂದ ಅಳುತ್ತಿದ್ದಾರೆಂದು ಜನ ದಾರಿ ಬಿಟ್ಟರು.

ತೇರ್ಯೊ ಎಲ್ಲರನ್ನೂ ದೂರ ನಿಲ್ಲಿಸಿ, ಅರ್ನುಲ್ಫೊಗೆ ಹೇಳಿ ತೋಳನ್ನು ನೆಲಕ್ಕಿಳಿಸಿ, ಯಂತ್ರ ಆಫ್ ಮಾಡಿಸಿ, ಪೈಪಿನೊಳಗಿನ ಒತ್ತಡ ಪೂರ್ತಿ ಬಿಡಿಸಿದ. ಹಳೆಯ ತುದಿ ಕತ್ತರಿಸಿ, ಅಂಗಡಿಯ ಒತ್ತು ಯಂತ್ರದಲ್ಲಿ ಸರಿಯಾದ ಬಾಯಿ ಕೂರಿಸಿ ತಂದು, ಬಿಗಿಯಾಗುವಷ್ಟೇ ಬಿಗಿದ. ತೋಳು ಏರಿತು, ಇಳಿಯಿತು. ರಟ್ಟು ಒಣಗಿಯೇ ಇತ್ತು. ಸಂಜೆಗೆ ಮೊದಲ ಲಾರಿ ಕಬ್ಬು ಹೊತ್ತು ಹೊರಟಿತು.

ಮರುದಿನ ಮಧ್ಯಾಹ್ನ ಊಟಕ್ಕೆ ಅವನು ಕೂರಲಾರದೆ ನಿಂತೇ ಅನ್ನ, ಮೀನಿನ ಸಾರು ತಿನ್ನುತ್ತಿದ್ದ. ಹೆಂಡತಿಯ ಕಿವಿಯಲ್ಲಿ ಇರುವೆಯ ಕಥೆ ಹೇಳಿದ. "ನಿಮ್ಮಮ್ಮಂಗೆ ಹೇಳ್ಬೇಡ ಮಾರಾಯ್ತಿ, ಪಾಪ, ನಂಬ್ಕೊಂಡಿದಾರೆ."

"ಯಾರು ನಂಬಿರೋದು?" ಎಂದಳು ಮೇಜಿನ ಆ ತುದಿಯಿಂದ ಲೋಲಾ ಪಾಸಿಂಗ್. "ನನ್ನ ಕುಂಡೆ ಕಚ್ಚಿದ್ದು ಇರುವೆಯೋ ದೇವರೋ ಅಂತ ನಂಗೆ ಗೊತ್ತಾಗಲ್ವಾ?"

ತೇರ್ಯೊನ ಚಮಚ ಗಾಳಿಯಲ್ಲೇ ನಿಂತಿತು. "ಮತ್ತೆ ಯಾಕಮ್ಮಾ ಹೇಳ್ಲಿಲ್ಲ?"

"ಏಳು ವರ್ಷ ಮಂಡಿ ನೋವು ಅಂತ ಬಡ್ಕೊಂಡೆ, ಒಬ್ರೂ ತಿರುಗಿ ನೋಡ್ಲಿಲ್ಲ. ನೋವು ಹೋಯ್ತು ಅಂದೆ ನೋಡು, ಊರಿಗೆ ಊರೇ ಬಂದು ಮಂಡಿ ಹೆಂಗಿದೆ ಲೋಲಾ ಅಂತ ಕೇಳ್ತು. ಕುರ್ಚಿ ಬೇರೆ ಕೊಟ್ರು." ಮುದುಕಿ ತಟ್ಟೆ ಮುಂದಕ್ಕೆ ನೂಕಿದಳು. "ಆ ಮೀನಿನ ತಲೆ ಇತ್ಲಾಗೆ ಹಾಕು. ನೀನಂತೂ ನಿಂತಿದೀಯ, ಕೈಗೆ ಹತ್ರ."