ಕಿಟಕಿಯ ಮೇಲಿನ ಜಾಲರಿ

ತೊಂಬತ್ತೇಳರ ಚಳಿಗಾಲದಲ್ಲಿ ನನ್ನ ದಿನ ಕಿಟಕಿ ಒರೆಸುವುದರಿಂದ ಶುರುವಾಗುತ್ತಿತ್ತು. ಡಚ್ ಊರಾದ ರೈಸ್‌ವೈಕ್‌ನಲ್ಲಿ ಎರಡನೇ ಮಹಡಿಯ ಹಳೆಯ ಫ್ಲಾಟು, ಕಿಟಕಿಗಳಿಗೆ ಒಂದೇ ಪದರದ ಗಾಜು. ಪರದೆ ಸರಿಸಿದರೆ ಗಾಜಿನ ಒಳಮೈಯೆಲ್ಲ ನೀರು. ಹೊರಗೆ ಮಳೆ ಇರುತ್ತಿರಲಿಲ್ಲ. ಆ ನೀರು ನಮ್ಮದೇ. ನಮ್ಮ ಮೂವರ ಉಸಿರು, ಕುಚ್ಚಲಕ್ಕಿ ಬೇಯುವ ಹಬೆ, ಬಚ್ಚಲಿನ ಬಿಸಿನೀರು, ಹೀಟರಿನ ಮೇಲೆ ಹರವಿದ ಒದ್ದೆ ಬಟ್ಟೆ, ಎಲ್ಲ ಹೋಗಿ ಆ ತಣ್ಣನೆಯ ಗಾಜಿಗೆ ಅಂಟಿಕೊಂಡು, ಬೆಳಗಾಗುವಷ್ಟರಲ್ಲಿ ಇಳಿದು ಕಿಟಕಿಯ ಕಟ್ಟೆಯ ಮೇಲೆ ನಿಂತಿರುತ್ತಿತ್ತು. ಹಳೆಯ ಬೈರಾಸಿನಿಂದ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದೆ. ಗಂಡ ರೈಲಿನಲ್ಲಿ ಲೈಡನ್‌ಗೆ ಹೋಗಿ, ಅಲ್ಲಿಂದ ನೂರ್ಡ್‌ವೈಕ್‌ನ ಆಫೀಸಿಗೆ ಹೋಗುವ ಬಸ್ಸು ತಪ್ಪಬಾರದೆಂದು ಕಾಫಿ ಅರ್ಧಕ್ಕೇ ಬಿಟ್ಟು ಓಡುತ್ತಿದ್ದರು. ಬಕೆಟ್ಟು ನನ್ನ ಪಾಲಿಗೆ.

ಆ ವರ್ಷ ನನಗಿದ್ದ ನಿಜವಾದ ಕೆಲಸ ಬೇರೆ. ನಾಲ್ಕು ವರ್ಷದ ಮಗಳಿಗೆ ನವೆಂಬರಿನಲ್ಲಿ ದಮ್ಮು ಶುರುವಾಗಿತ್ತು. ಎದೆಯಲ್ಲಿ ಸಣ್ಣಗೆ ಸಿಳ್ಳೆಯ ಸದ್ದು, ಆಮೇಲೆ ಕೆಮ್ಮು, ಆಮೇಲೆ ಭುಜ ಎತ್ತಿ ಎತ್ತಿ ಉಸಿರಾಡುವುದು. ಅವಳ ಉಸಿರು ಸರಿಯಾಗಬೇಕು. ಅದು ಬಿಟ್ಟರೆ ನನಗೆ ಬೇರೇನೂ ಬೇಕಿರಲಿಲ್ಲ.

ಉಡುಪಿಗೆ ಫೋನು ಮಾಡಿದರೆ ಅಮ್ಮ ಹೇಳಿದ್ದು ನಮ್ಮೂರಿನ ಯಾವ ಅಮ್ಮನಾದರೂ ಹೇಳುವಂಥದ್ದು. "ಥಂಡಿ ಗಾಳಿ ತಾಗಿಸ್ಬೇಡ ಮಾರಾಯ್ತಿ. ಸಂದು ಗೊಂದು ಎಲ್ಲ ಮುಚ್ಚಿಬಿಡು. ದಿನಕ್ಕೆ ಎರಡು ಸರ್ತಿ ಹಬೆ ಕೊಡು. ಎರಡು ದಿನದಲ್ಲಿ ಸಮ ಆಗ್ತದೆ."

ಆ ಮನೆಯ ಪ್ರತಿ ಕಿಟಕಿಯ ನೆತ್ತಿಯಲ್ಲೂ ಗಾಳಿ ಬರಲೆಂದು ಒಂದು ಉದ್ದನೆಯ ಜಾಲರಿ ಇತ್ತು. ಅದನ್ನು ಪೂರ್ತಿ ಮುಚ್ಚಲು ಬರುತ್ತಿರಲಿಲ್ಲ. ಮಗಳ ಮಂಚ ಅಂಥದೊಂದರ ಕೆಳಗೇ. ಚಳಿಗಾಲದಲ್ಲಿ ಮನೆಗೆ ತೂತು ಬಿಟ್ಟ ಬುದ್ಧಿವಂತ ಯಾರೋ ಎಂದು ಬೈದುಕೊಂಡು ಸ್ಟೂಲು ಹತ್ತಿದೆ. ಅವಳಿಗೆ ತೊಟ್ಟಿಲು ಕಟ್ಟಿದ್ದ ನನ್ನ ಹಳೆಯ ನೂಲಿನ ಸೀರೆಯೊಂದು ಪೆಟ್ಟಿಗೆಯಲ್ಲಿತ್ತು. ಅದನ್ನೇ ಹರಿದು ಜಾಲರಿಯೊಳಗೆ ಚಾಕುವಿನ ಹಿಡಿಯಿಂದ ತುರುಕಿದೆ. ಒಂದೆಳೆ ಗಾಳಿಯೂ ಒಳಗೆ ಬರದಂತೆ ಮಾಡಿದ್ದಕ್ಕೆ ನನಗೆ ಹೆಮ್ಮೆಯಾಯಿತು. ಆಮೇಲೆ ದಿನಕ್ಕೆ ಎರಡು ಸಲ ಅವಳ ಕೋಣೆಯ ಬಾಗಿಲು ಹಾಕಿ, ಕುದಿಯುವ ನೀರಿಗೆ ಓಮ ಮತ್ತು ಎರಡು ಹನಿ ನೀಲಗಿರಿ ಎಣ್ಣೆ ಹಾಕಿ, ಬೈರಾಸಿನ ಒಳಗೆ ಅವಳ ಮುಖ ಹಿಡಿದು ಕೂರುತ್ತಿದ್ದೆ. ಹಬೆ ಮುಗಿದ ಮೇಲೂ ಪಾತ್ರೆಯನ್ನು ಅಲ್ಲೇ ಬಿಡುತ್ತಿದ್ದೆ. ಕೋಣೆ ಬೆಚ್ಚಗಿರಲಿ ಎಂದು.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬಂಟಿ ಡಚ್ ಮುದುಕಿಯೊಬ್ಬರಿದ್ದರು. ಡಿಸೆಂಬರಿನ ಒಂದು ಬೆಳಿಗ್ಗೆ ಬಾಗಿಲು ತಟ್ಟಿ, ತಡವರಿಸುವ ಇಂಗ್ಲಿಷಿನಲ್ಲಿ, "ದಿನಾ ಬೆಳಿಗ್ಗೆ ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆದಿಡಿ. ಎಷ್ಟೇ ಚಳಿಯಿದ್ದರೂ ತೆರೆಯಿರಿ" ಎಂದರು. ಹೇಳುತ್ತಾ ನನ್ನ ಭುಜದ ಮೇಲಿಂದ ಒಳಗೆ ನೋಡಿದರು. ಒಲೆಯ ಮೇಲೆ ಸಾರಿಗೆ ಇಂಗಿನ ಒಗ್ಗರಣೆ ಆಗಷ್ಟೇ ಬಿದ್ದಿತ್ತು.

ನನಗೆ ಉರಿದುಹೋಯಿತು. ಕಾರಣವಿತ್ತು. ಮೊದಲ ವರ್ಷ ಗ್ರೋನಿಂಗನ್‌ನಲ್ಲಿದ್ದಾಗ, ನಮ್ಮ ಅಡುಗೆಯ ವಾಸನೆ ತನ್ನ ಪರದೆಗಳಿಗೆ ಹತ್ತುತ್ತದೆ ಎಂದು ಮನೆಯೊಡೆಯ ಮುಖಕ್ಕೆ ಹೊಡೆದಂತೆ ಹೇಳಿ, ಬಾಡಿಗೆಯ ಕರಾರು ಮುಂದುವರಿಸಲಿಲ್ಲ. ಅವನೂ ಮಾತು ತೆಗೆದದ್ದು ಹೀಗೆಯೇ, ಸ್ವಲ್ಪ ಕಿಟಕಿ ತೆರೆಯಿರಿ ಎಂದು. ಈ ಅಜ್ಜಿಯದೂ ಅದೇ ರಾಗ ಎಂದು ನನಗೆ ಖಾತ್ರಿಯಾಯಿತು. ನಗುನಗುತ್ತಾ ಥ್ಯಾಂಕ್ಯೂ ಹೇಳಿ ಬಾಗಿಲು ಹಾಕಿದೆ. ಆವತ್ತಿನಿಂದ ಒಗ್ಗರಣೆ ಹಾಕುವಾಗ ಅಡುಗೆಮನೆಯ ಕಿಟಕಿಯನ್ನೂ ಬಿಗಿಯಾಗಿ ಮುಚ್ಚತೊಡಗಿದೆ. ನಮ್ಮ ವಾಸನೆ ನಮ್ಮಲ್ಲೇ ಇರಲಿ, ಯಾರ ಮಾತೂ ಕೇಳುವುದು ಬೇಡ ಎಂಬುದು ನನ್ನ ಹಟ.

ಮಗಳನ್ನು ನೋಡಿದ ಡಾಕ್ಟರು ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧಿಯ ಪಂಪು ಕೊಟ್ಟು ಕೇಳಿದರು, "ಮನೆಯಲ್ಲಿ ತೇವ ಇದೆಯೇ? ಗೋಡೆಗೆ ಬೂಷ್ಟು ಬಂದಿದೆಯೇ?"

ಕಿಟಕಿಯ ಮೂಲೆಗಳಲ್ಲಿ ಕರಿ ಚುಕ್ಕೆಗಳು ಬರುತ್ತಿದ್ದದ್ದು ನನಗೆ ಗೊತ್ತಿತ್ತು. ವಾರಕ್ಕೊಮ್ಮೆ ಬ್ಲೀಚಿನಲ್ಲಿ ತಿಕ್ಕುತ್ತಿದ್ದೆ. ಆದರೆ ಬೂಷ್ಟು ಹಿಡಿದ ಮನೆ ಎಂದರೆ ಹೆಂಗಸು ಸೋಮಾರಿ ಎಂದೇ ನಮ್ಮಲ್ಲಿ ಅರ್ಥ. ಅವರ ಕಣ್ಣಿಗೆ ನಾವು ಕೊಳಕರಾಗಿ ಕಾಣುವುದು ನನಗೆ ಬೇಡವಾಗಿತ್ತು. "ಇಲ್ಲ, ನಮ್ಮ ಮನೆ ತುಂಬಾ ಸ್ವಚ್ಛ" ಎಂದೆ. ಅವರು ಬರೆದುಕೊಂಡರು.

ಜನವರಿಯಲ್ಲಿ ಕೆಳಗಿನ ಅಜ್ಜಿ ಮತ್ತೆ ಬಂದು, ಮುಷ್ಟಿಯಷ್ಟು ದೊಡ್ಡದಾದ ಒಂದು ದುಂಡನೆಯ ಮೀಟರು ಕೊಟ್ಟರು. ಕೋಣೆಯ ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಅದರ ಮುಳ್ಳು ತೋರಿಸುತ್ತದಂತೆ. ಐವತ್ತರ ಆಸುಪಾಸು ಇದ್ದರೆ ಒಳ್ಳೆಯದು ಎಂದರು. ನಮ್ಮ ಮನೆಯಲ್ಲಿ ಅದು ಎಂಬತ್ತನ್ನೂ ದಾಟಿ ನಿಂತಿತು. ಮುದುಕಿ ನನ್ನ ಮನೆಗೆ ಮಾರ್ಕು ಕೊಡಲು ಬಂದಿದ್ದಾಳೆ ಎಂದುಕೊಂಡು, ಅವರು ಮೆಟ್ಟಿಲಿಳಿಯುವ ಮೊದಲೇ ಅದನ್ನು ಡ್ರಾಯರಿಗೆ ಹಾಕಿ ತಳ್ಳಿದೆ.

ಅದೇ ವಾರ, ಮಧ್ಯಾಹ್ನ, ಹಬೆ ಕೊಡುತ್ತಿರುವಾಗಲೇ ಮಗಳ ತುಟಿ ನೀಲಿಯಾಯಿತು. ಆಂಬುಲೆನ್ಸು, ಆಸ್ಪತ್ರೆ, ಮೂಗಿಗೆ ಆಮ್ಲಜನಕ. ಮೂರು ದಿನದಲ್ಲಿ ಅವಳು ಮಂಚದ ಮೇಲೆ ಕುಣಿಯುವಷ್ಟು ಹುಷಾರಾದಳು. ಮನೆಗೆ ಬಂದ ನಾಲ್ಕನೇ ದಿನ ಮತ್ತೆ ಅದೇ ಸಿಳ್ಳೆ. ಹೀಗೆ ಇನ್ನೊಂದು ಸಲ ಆದ ಮೇಲೆ ನನ್ನ ಧೈರ್ಯ ಉಡುಗಿತು. ಈ ದೇಶದ ಚಳಿಯೇ ಅವಳಿಗೆ ಆಗದು ಎಂದು ತೀರ್ಮಾನಿಸಿದೆವು. ಮಾರ್ಚಿನಲ್ಲಿ ಅವಳನ್ನು ಕರೆದುಕೊಂಡು ಹೋಗಿ ಉಡುಪಿಯಲ್ಲಿ ಅಮ್ಮನ ಹತ್ತಿರ ಬಿಟ್ಟೆ. ಉಡುಪಿಯಲ್ಲಿ ತೇವಕ್ಕೇನೂ ಕಡಿಮೆಯಿಲ್ಲ, ಆದರೆ ಆ ಮನೆಯಲ್ಲಿ ಕಿಟಕಿ ಮುಚ್ಚುವವರೇ ಇರಲಿಲ್ಲ. ಒಂದು ವಾರದಲ್ಲಿ ಅವಳ ಕೆಮ್ಮು ನಿಂತಿತು. ಒಂದೆರಡು ತಿಂಗಳು ಇರಲಿ ಎಂದುಕೊಂಡು, ಅವಳು ಬಾವಿಕಟ್ಟೆಯ ಹತ್ತಿರ ಆಡುತ್ತಿದ್ದಾಗ ಹೇಳದೆ ಹೊರಟು ಬಂದೆ.

ಬಂದ ಮರುದಿನ ಅವಳ ಕೋಣೆ ಗುಡಿಸಲು ಬಟ್ಟೆಯ ಕಪಾಟನ್ನು ಎಳೆದೆ. ಅದು ಹೊರಗೋಡೆಗೆ ಒತ್ತಿ, ಅವಳ ಮಂಚದ ತಲೆಯ ಪಕ್ಕದಲ್ಲೇ ಇತ್ತು. ಹಿಂದಿನ ಗೋಡೆ ನೆಲದಿಂದ ನನ್ನ ಸೊಂಟದವರೆಗೆ ಕಪ್ಪಗಾಗಿತ್ತು. ಕೈಯಿಟ್ಟರೆ ಕೈಗೆ ಅಂಟಿತು. ಅವಳ ದಿಂಬಿನಿಂದ ಅಲ್ಲಿಗೆ ಒಂದು ಗೇಣು ದೂರ.

ಏನು ಮಾಡುವುದೆಂದು ತೋಚದೆ ಕೆಳಗೆ ಹೋಗಿ ಅಜ್ಜಿಯನ್ನು ಕರೆದುಕೊಂಡು ಬಂದೆ. ಅವರು ಗೋಡೆ ನೋಡಿದರು, ತಲೆಯೆತ್ತಿ ಜಾಲರಿಯಲ್ಲಿ ತುರುಕಿದ ಬಟ್ಟೆ ನೋಡಿದರು. ನಾನು ಕೇಳಿಯೇಬಿಟ್ಟೆ, ಅಡುಗೆಯ ವಾಸನೆಯಿಂದ ನಿಮಗೆ ತೊಂದರೆಯಾಗುತ್ತಿತ್ತಲ್ಲವೇ ಎಂದು.

"ವಾಸನೆಯೇ?" ಎಂದರು ಅವರು. "ಇಲ್ಲ. ದಿನಾ ಬೆಳಿಗ್ಗೆ ಮಗುವಿನ ಕೆಮ್ಮು ಕೇಳಿಸುತ್ತಿತ್ತು. ಅದಕ್ಕೇ ಬಂದೆ."

ನಾನು ಅಲ್ಲೇ, ಅವಳ ಬರಿಯ ಮಂಚದ ಮೇಲೆ ಕೂತು ಅತ್ತೆ. ಅವರು ಸ್ಟೂಲು ಹತ್ತಿ ಸೀರೆಯ ಚೂರುಗಳನ್ನು ಒಂದೊಂದಾಗಿ ಎಳೆದರು. ಎಲ್ಲವೂ ಒದ್ದೆಯಾಗಿದ್ದವು.

ಆಮೇಲೆ ಮಾಡಬೇಕಾದದ್ದನ್ನೆಲ್ಲ ಮಾಡಿದೆವು. ಗೋಡೆ ಕೆರೆದು ಬಣ್ಣ ಹೊಡೆದೆವು. ಬಟ್ಟೆ ಒಣಗಿಸುವುದು ಬಾಲ್ಕನಿಗೆ ಹೋಯಿತು, ಕಪಾಟು ಗೋಡೆಯಿಂದ ದೂರ ಸರಿಯಿತು, ದಿನಾ ಬೆಳಿಗ್ಗೆ ಹತ್ತು ನಿಮಿಷ ಕಿಟಕಿಗಳು ತೆರೆದವು. ಡ್ರಾಯರಿನಿಂದ ತೆಗೆದ ಮೀಟರಿನ ಮುಳ್ಳು ಐವತ್ತಕ್ಕೆ ಇಳಿದು ನಿಂತಿತು. ಇದಕ್ಕೆಲ್ಲ ತಿಂಗಳುಗಳೇ ಹಿಡಿದು, ನವೆಂಬರಿನಲ್ಲಿ ಮಗಳನ್ನು ಕರೆಸಿಕೊಂಡೆವು. ಒಣಗಿದ, ಸ್ವಚ್ಛವಾದ ಮನೆ. ಆರನೇ ದಿನ ಎದೆಯಲ್ಲಿ ಸಿಳ್ಳೆ. ಒಮ್ಮೆ ಹೀಗೆ ಕೆಟ್ಟ ಎದೆ ಇನ್ನು ಸಣ್ಣದಕ್ಕೂ ಕೆರಳುತ್ತದೆ, ವರ್ಷಗಳೇ ಬೇಕಾಗಬಹುದು ಎಂದರು ಡಾಕ್ಟರು. ನಾನು ಕೇಳಿದೆ, ಕಳೆದ ಚಳಿಗಾಲದಲ್ಲೇ ಗೊತ್ತಾಗಿದ್ದರೆ? ಅವರು ಹಳೆಯ ಕಾಗದ ತಿರುವಿ, "ಮನೆಯಲ್ಲಿ ತೇವ ಇಲ್ಲ ಎಂದು ಬರೆದಿದೆ" ಎಂದರು.

ಕ್ರಿಸ್‌ಮಸ್ಸಿಗೆ ಮುಂಚೆ ಅವಳು ಮತ್ತೆ ಉಡುಪಿಗೆ ಹೋದಳು. ನಾವೂ ಹೊರಟುಬಿಡಬಹುದಿತ್ತು. ಗಂಡನ ಕಾಂಟ್ರಾಕ್ಟು ಒಂದೊಂದೇ ವರ್ಷ ಮುಂದೆ ಹೋಗುತ್ತಿತ್ತು, ನಾವು ಮುಂದಿನ ವರ್ಷ ಎನ್ನುತ್ತಾ ಉಳಿದೆವು. 

ತೊಂಬತ್ತೊಂಬತ್ತರ ಚಳಿಗಾಲದ ಒಂದು ಭಾನುವಾರ ಫೋನಿನಲ್ಲಿ ಅವಳನ್ನು ಕೇಳಿದೆ, "ಬರ್ತೀಯಾ ಮಗಾ, ಈ ಸರ್ತಿ?"

"ಬೇಡಮ್ಮ. ನಿಮ್ಮ ಮನೆಯಲ್ಲಿ ನಂಗೆ ಉಸಿರು ಬರೂದಿಲ್ಲ ಅಲ್ವಾ?"

"ಈಗ ಸಮ ಉಂಟು. ಐವತ್ತು ಉಂಟು ಈಗ."

"ಐವತ್ತು ಎಂತ?"

ಹೇಳಲು ಹೊರಟೆ. ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಆಟಕ್ಕೆ ಕರೆದರು, ಅವಳು ಫೋನನ್ನು ನನ್ನ ಅಮ್ಮನ ಕೈಗೆ ಕೊಟ್ಟು ಓಡಿದಳು. ಓಡುವಾಗ ಏನೋ ಕೂಗಿದಳು, ಒಂದೇ ಉಸಿರಿನಲ್ಲಿ, ಎಲ್ಲೂ ತಡೆಯದೆ. ನಾನು ನಿಂತಿದ್ದ ಕಿಟಕಿಯ ಗಾಜಿನ ಮೇಲೆ ಒಂದು ಹನಿ ನೀರೂ ಇರಲಿಲ್ಲ.