ಅಜ್ಜಿಯ ಹೆಸರಿನ ಕೂಸು

ಆಗೆಲ್ಲ ನಮ್ಮ ಕಡೆ ಕಲ್ಲಿನ ಗೋಡೆಗೆ ಒರಗಿ ಯಾರೂ ಕೂರುತ್ತಿರಲಿಲ್ಲ. ಭೂಕಂಪವಾಗಿ ಏಳೆಂಟು ವರ್ಷ ಕಳೆದಿದ್ದರೂ ದಾಳಿಂಬ ಊರಿನ ನಮ್ಮ ಮನೆ ತಗಡಿನದೇ. ಬಿಸಿಲೇರಿದರೆ ಕಾದ ತಗಡಿನ ವಾಸನೆ ರೊಟ್ಟಿಗೂ ಹತ್ತುತ್ತಿತ್ತು. ಅಪ್ಪನ ತಾಯಿ ಗುರವ್ವ ಆ ಭೂಕಂಪದಲ್ಲಿ ಗೋಡೆಯಡಿ ಸಿಕ್ಕಿ ಸತ್ತಿದ್ದಳು. ಮರುವರ್ಷ ಹುಟ್ಟಿದ ನನಗೆ ಅವಳ ಹೆಸರನ್ನೇ ಇಟ್ಟರು.

ಇಟ್ಟರು ಅಷ್ಟೇ, ಮನೆಯಲ್ಲಿ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅಪ್ಪನಿಗೆ ನಾನು ‘ಅವ್ವಾ’. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ತರಬಾರದಾದ್ದರಿಂದ ಆಯಿಗೆ, ಅಂದರೆ ನನ್ನ ತಾಯಿಗೆ, ನಾನು ‘ಅತ್ತಿ’. “ಅತ್ತೀ, ಉಣ್ಣಾಕ ಬರ್ರಿ,” ಎಂದು ಶೇಂಗಾ ಹಿಂಡಿ ಬಡಿಸುತ್ತಿದ್ದಳು. ನನ್ನ ಹಾಲುಹಲ್ಲು ಬಿದ್ದಾಗ ಪಕ್ಕದ ಮನೆಯ ಕಾಶೀಬಾಯಿ, “ಖರೇನ ಮುದುಕಿ ಆದಿ ನೋಡು!” ಎಂದು ನಕ್ಕಿದ್ದಳು.

ಅಪ್ಪನ ಕೈ ಬೇಗ ಏಳುತ್ತಿತ್ತು, ಎತ್ತಿನ ಮೇಲೆ, ಆಯಿಯ ಮೇಲೆ. ನನ್ನ ಮೇಲೆ ಮಾತ್ರ ಇಲ್ಲ. ಹಿರಿಯರ ಹೆಸರಿಟ್ಟ ಕೂಸನ್ನು ಹೊಡೆದರೆ ಹಿರಿಯರನ್ನೇ ಹೊಡೆದಂತೆ. ಅದು ತಿಳಿದ ಮೇಲೆ ನಾನು ಇಬ್ಬರ ನಡುವೆ ಹೋಗಿ ನಿಲ್ಲುತ್ತಿದ್ದೆ.

“ಬಾಜೂಕ ಸರಿ, ಅವ್ವಾ.”

ನಾನು ಸರಿಯುತ್ತಿರಲಿಲ್ಲ. ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದ.

ಆ ವರ್ಷ ತೊಗರಿ ರಾಶಿಯ ಹೊತ್ತಿಗೆ ಅಕಾಲದ ಮಳೆ ಬಂತು. ಅಪ್ಪ ಮುರುಮದ ಸಂತೆಗೆ ಹೋಗಿದ್ದ. ಆಯಿ, ನಾನು ಸೇರಿ ಕಾಳಿನ ಮೇಲೆ ತಾಡಪತ್ರಿ ಎಳೆಯುವಷ್ಟರಲ್ಲಿ ಅರ್ಧ ರಾಶಿ ನೆನೆದಿತ್ತು. ತಿರುಗಿ ಬಂದ ಅಪ್ಪ ಒದ್ದೆ ಕಾಳನ್ನು ಮುಷ್ಟಿಯಲ್ಲಿ ಹಿಡಿದು ನೋಡಿದ. ಎತ್ತು ಹೊಡೆಯುವ ಬಾರಕೋಲು ತೆಗೆದುಕೊಂಡ.

ಮೊದಲ ಏಟಿಗೆ ಆಯಿಯ ಹುಬ್ಬು ಸೀಳಿತು. ನಾನು ಓಡಿ ಅಡ್ಡ ನಿಂತೆ.

“ಸರಿ, ಅವ್ವಾ.”

“ಸರಿಯಾಂಗಿಲ್ಲ.”

ಬಾರು ನನ್ನ ಬೆನ್ನಿಗೆ ಸುತ್ತಿಕೊಂಡಿತು.

“ಗುರವ್ವಾ!” ಆಯಿ ಚೀರಿದಳು.

ಅವಳ ಬಾಯಲ್ಲಿ ಆ ಹೆಸರು ಅದೇ ಮೊದಲು. ಅಪ್ಪನ ಕೈ ನಿಂತಿತು. “ಯಾರ ಹೆಸರ ಹಿಡದಿ?”

“ನನ್ನ ಮಗಳದು.” ಆಯಿ ಕಣ್ಣಿಗಿಳಿದ ರಕ್ತ ಒರೆಸಿಕೊಂಡಳು. “ನಿಮ್ಮವ್ವಗ ನೀವು ಹೊಡದ್ರಿ. ಇನ್ನ ಈಕಿ ನನ್ನ ಮಗಳು ಅಷ್ಟ.”

ಅಪ್ಪ ಬಾರಕೋಲು ಅಲ್ಲೇ ಒಗೆದು ಹೋದ. ಮರುದಿನದಿಂದ ಅಪ್ಪನಿಗೆ ನಾನು ಬರೀ ‘ಪೋರಿ’. ಹೋಳಿಯ ದಿನ ಅಪ್ಪ ಮತ್ತೆ ಕೈ ಎತ್ತಿದಾಗ ಎಂದಿನಂತೆ ಅಡ್ಡ ನಿಂತೆ. ಈ ಸಲ ಅಪ್ಪ ‘ಬಾಜೂಕ ಸರಿ’ ಎನ್ನಲಿಲ್ಲ. ಮೊದಲು ನನ್ನನ್ನು ಹೊಡೆದ, ಆಮೇಲೆ ಆಯಿಯನ್ನು.

ಈಗ ಎಲ್ಲರೂ ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ. ಬೆನ್ನಿನ ಗೆರೆ ಮಾಸಿದೆ, ಆಯಿಯ ಹುಬ್ಬಿನದು ಹಾಗೇ ಇದೆ. ಅವತ್ತು ನನ್ನ ಹೆಸರು ನನಗೆ ಸಿಕ್ಕಿತು. ಆಯಿಗೆ ಅಡ್ಡ ನಿಲ್ಲಲು ಅತ್ತೆ ಉಳಿಯಲಿಲ್ಲ.